ಕಾಲು ಭಾರ

ಗಾಡಿಯ ಹಿಂದಿನ ಗಾಲಿಗಳ ನಡುವಿನ ಹಲ್ಲುಚಕ್ರದ ಪೆಟ್ಟಿಗೆ, ಅಂದರೆ ಹೌಸಿಂಗಿನೊಳಗಿನ ಎಣ್ಣೆಗೆ ಕೊಳೆತ ಬೆಳ್ಳುಳ್ಳಿಯ ವಾಸನೆ. ಎಂಜಿನ್ ಎಣ್ಣೆ ಮೂಗಿಗೆ ಹಾಗೆ ಬಡಿಯುವುದಿಲ್ಲ. ತೊಂಬತ್ತರ ದಶಕದ ಕೊನೆಯ ಒಂದು ಚಳಿಗಾಲದಲ್ಲಿ ನನ್ನ ಅಂಗಿ, ಉಗುರು, ತಿನ್ನುವ ರೊಟ್ಟಿ ಎಲ್ಲಕ್ಕೂ ಅದೇ ವಾಸನೆ ಹತ್ತಿತ್ತು. ಬೈಲಹೊಂಗಲದಲ್ಲಿ ನಾನು ಗ್ಯಾರೇಜು ತೆರೆದು ಎಂಟು ವರ್ಷವಾಗಿತ್ತು. ಕೈಗುಣದ ಮಿಸ್ತ್ರಿ ಎಂದು ಜನ ಹೊಗಳಿ ಹೊಗಳಿ ನನ್ನನ್ನು ಅಟ್ಟಕ್ಕೇರಿಸಿದ್ದರು. ಆ ಅಟ್ಟದಿಂದ ನನ್ನನ್ನು ಕೆಳಗಿಳಿಸಿದ್ದು ಒಂದು ಹಳೇ ಪಿಕಪ್ಪು.

ಗಾಡಿ ಸವದತ್ತಿಯ ಶಾಮಿಯಾನದ ಸಾಹುಕಾರರದು. ಕಂಬ, ತಾಡಪತ್ರಿ, ಅಡುಗೆಯ ಹಂಡೆ ಹೊತ್ತುಕೊಂಡು ಕಿತ್ತೂರಿನಿಂದ ರಾಮದುರ್ಗದವರೆಗೆ ಮದುವೆ ಮನೆಗಳಿಗೆ ಅಲೆಯುವುದು ಅದರ ಕೆಲಸ. ಓಡಿಸುವವನು ಸಿರಸಂಗಿಯವನು. ನನಗಿಂತ ನಾಲ್ಕೈದು ವರ್ಷ ಹಿರಿಯ, ಮಾತು ಕಡಿಮೆ. ಹನ್ನೊಂದು ವರ್ಷದಿಂದ ಅದೊಂದೇ ಗಾಡಿ ಅವನ ಕೈಯಲ್ಲಿತ್ತು.

ಮಹಾನವಮಿಯ ಹೊತ್ತಿಗೆ ಅದರ ಹೌಸಿಂಗಿನ ಬಾಯಿಗೆ ಎಣ್ಣೆ ತಡೆಯಲು ಕೂರಿಸಿದ ರಬ್ಬರ್ ಬಳೆ, ಆಯಿಲ್ ಸೀಲು, ತುಸು ಜಿನುಗುತ್ತಿದೆ ಎಂದು ತಂದು ಬಿಟ್ಟಿದ್ದ. ಎಂಜಿನ್ನಿನ ಬಲವನ್ನು ಹಿಂದಿನ ಗಾಲಿಗಳಿಗೆ ಒಯ್ಯುವ ಉದ್ದನೆಯ ಶಾಫ್ಟನ್ನು ಇಳಿಸಿ ನಾನು ಹೊಸ ಸೀಲು ಹಾಕಿದೆ. ಅಷ್ಟಕ್ಕೇ ಬಿಡಬಹುದಿತ್ತು. ಆದರೆ ನನಗೊಂದು ಚಟವಿತ್ತು. ನಮ್ಮ ಕಡೆಯ ಆಯುಧಪೂಜೆಯಾದ ಖಂಡೇ ಪೂಜೆಗೆ ಬಂದ ಗಾಡಿಯ ಬುಡಕ್ಕೂ ಬಣ್ಣ ಬಳಿದೇ ಕಳಿಸುತ್ತಿದ್ದೆ. ಮೈಗೆ ಬಣ್ಣ ಬಳಿಯುವವರು ಬೇಕಾದಷ್ಟು ಜನರಿದ್ದಾರೆ, ದೇವರಿಗೆ ಕೆಳಗಿನದೂ ಕಾಣುತ್ತದೆ ಎಂಬುದು ನನ್ನ ವಾದ. ಶಾಫ್ಟಿನ ಎರಡು ತುಂಡುಗಳನ್ನು ಬಿಡಿಸಿ, ಸೀಮೆಎಣ್ಣೆಯಲ್ಲಿ ತೊಳೆದು, ಬಣ್ಣ ಹಚ್ಚಿ, ಒಣಗಿದ ಮೇಲೆ ಮತ್ತೆ ಜೋಡಿಸಿದೆ. ಹೌಸಿಂಗಿಗೆ ಎರಡು ಕೈ ಕಪ್ಪು ಬಣ್ಣ ಹೊಡೆದು, ಮೇಲೆ ಮೂರು ಬೆರಳಿನ ವಿಭೂತಿ ಎಳೆದೆ. ಸಾಹುಕಾರರು ಬಗ್ಗಿ ನೋಡಿ ಖುಷಿಪಟ್ಟರು.

ಹದಿನೈದು ದಿನಕ್ಕೆ ಗಾಡಿ ಮರಳಿ ಬಂತು. ಸೀಲಿನ ಬಾಯಿಂದ ಎಣ್ಣೆ ಮೊದಲಿಗಿಂತ ಹೆಚ್ಚು ಇಳಿಯುತ್ತಿತ್ತು.

"ನಲವತ್ತು ದಾಟಿದ್ರ ಸೀಟಿನ ಬುಡಕ ಗುಂಯ್ ಅಂತ ನಡಗತೈತ್ರಿ ಮಿಸ್ತ್ರಿ," ಎಂದ ಡ್ರೈವರ್. "ಗೇರ್ ತಗದು ಬಿಟ್ರೂ ನಿಲ್ಲಂಗಿಲ್ಲ. ಎಣ್ಣಿ ಮುಂಜಾನೆ ಒಂದ್ ಹನಿ ಇಳಿಯಂಗಿಲ್ಲ. ಕಿತ್ತೂರ ಮುಟ್ಟಿ ಹೌಸಿಂಗ್ ಬಿಸಿ ಆತಂದ್ರ ಸೋರಾಕ ಹತ್ತತೈತಿ. ಹಬ್ಬಕ್ಕ ಮೊದಲ ಹಿಂಗ ಇರಲಿಲ್ರಿ."

ಇಡೀ ರೋಗ ಆ ನಾಲ್ಕು ಮಾತಿನಲ್ಲೇ ಇತ್ತು. ನನ್ನ ಕಿವಿಗೆ ಬಿದ್ದದ್ದು ಕೊನೆಯದೊಂದೇ.

"ಅಂದ್ರ ನಾ ಕೆಡಿಸೇನಿ ಅಂತೀಯೇನ?"

"ಹಂಗಲ್ರಿ. ಆಗಿದ್ದು ಹೇಳಿದ್ನಿ."

ಹೊಸ ಸೀಲು ಹಾಕಿದೆ. ವಾರಕ್ಕೆ ಮತ್ತೆ ಸೋರಿತು. ಬೇರೆ ಅಂಗಡಿಯ ಸೀಲು ತಂದು ಹಾಕಿದೆ, ಅದೂ ಸೋರಿತು. ನಡುಕ ನಿಲ್ಲಲೆಂದು ಶಾಫ್ಟಿನ ಎರಡೂ ತುದಿಯ ಕ್ರಾಸು ಎಂಬ ಕೀಲು ಬದಲಿಸಿದೆ, ಗಾಲಿಗಳನ್ನು ಅದಲುಬದಲು ಮಾಡಿದೆ, ಬೋಲ್ಟು ಬೋಲ್ಟು ಬಿಗಿದೆ. ಗಾಡಿ ನಡುಗುತ್ತಲೇ ಇತ್ತು. ಎದುರಿನ ಚಹಾದಂಗಡಿಯವನಿಗಂತೂ ಹಬ್ಬ. "ಮಿಸ್ತ್ರಿ, ನಿಮ್ಮ ಗಾಡಿ ಹೋದಲ್ಲೆಲ್ಲಾ ರಂಗೋಲಿ ಹಾಕ್ಕೋತ ಹೊಂಟೈತಲ್ರಿ," ಎನ್ನುತ್ತಿದ್ದ. ಮನೆಯಲ್ಲಿ ಹೆಂಡತಿ "ಸಾರು ಹಾಕ್ಲೇನ್ರಿ?" ಎಂದು ಕೇಳಿದರೆ ನಾನು "ಸೋರತೈತಿ" ಎಂದಿದ್ದೆ. ಅವಳು ನಗಲಿಲ್ಲ. ನನಗೆ ಒಳಗೊಳಗೇ ಭಯ ಹುಟ್ಟಿತ್ತು. ಕಲಿತ ವಿದ್ಯೆ ಕೈಬಿಟ್ಟು ಹೋಗುತ್ತಿದೆ ಅನ್ನಿಸುತ್ತಿತ್ತು.

ನಾಲ್ಕನೆಯ ಸಲ ಡ್ರೈವರನ ಜೊತೆ ಸಾಹುಕಾರರೇ ಬಂದರು. ಗ್ಯಾರೇಜಿನಲ್ಲಿ ಬೇರೆ ಗಾಡಿಯವರೂ ನಾಲ್ಕೈದು ಜನ ಕೂತಿದ್ದರು.

"ಮಿಸ್ತ್ರಿ, ಖರೇ ಹೇಳ್ರಿ. ಐಬು ಗಾಡ್ಯಾಗ ಐತೋ, ನಿಮ್ಮ ಕೆಲಸದಾಗ ಐತೋ?"

"ಎರಡರಾಗೂ ಇಲ್ರಿ," ಎಂದೆ. "ನಿಮ್ಮ ಡ್ರೈವರಂದು ಕಾಲು ಭಾರ ಐತಿ."

ನಮ್ಮ ಕಡೆ ಇದು ಸಣ್ಣ ಮಾತಲ್ಲ. ಕ್ಲಚ್ಚನ್ನು ದಿಢೀರನೆ ಬಿಟ್ಟು, ಎಕ್ಸಲೇಟರ್ ಒದ್ದು ಗಾಡಿಯ ಬೆನ್ನು ಮುರಿಯುವವನಿಗೆ ಹೀಗೆನ್ನುತ್ತಾರೆ. ಡ್ರೈವರನನ್ನು ಕೆಲಸಕ್ಕೆ ಇಟ್ಟುಕೊಳ್ಳುವಾಗ ಮಾಲೀಕರು ಅವನ ಲೈಸೆನ್ಸು ನೋಡುವುದು ಆಮೇಲೆ. "ಅವನ ಕಾಲು ಹೆಂಗೈತ್ರಿ?" ಎಂದು ಮೊದಲು ಮಿಸ್ತ್ರಿಯನ್ನು ಕೇಳುತ್ತಾರೆ. ಮಿಸ್ತ್ರಿ ಭಾರ ಎಂದರೆ ಮುಗಿಯಿತು, ಸುತ್ತಲಿನ ಮೂರು ತಾಲೂಕಿನಲ್ಲಿ ಅವನಿಗೆ ಸ್ಟೇರಿಂಗು ಸಿಗುವುದಿಲ್ಲ. ನನಗೆ ಗೊತ್ತಿತ್ತು, ನಾನು ಹೇಳಿದ್ದು ಸುಳ್ಳು. ಎಂಟು ವರ್ಷದಲ್ಲಿ ಆ ಗಾಡಿಗೆ ನಾನು ಕ್ಲಚ್ ಪ್ಲೇಟು ಹಾಕಿದ್ದು ಒಂದೇ ಸಲ. ಕಾಲು ಭಾರವಿದ್ದವನ ಗಾಡಿಗೆ ಅದು ವರ್ಷ ಬಾಳುವುದಿಲ್ಲ.

ಡ್ರೈವರ್ ಬಗ್ಗಿ ತನ್ನ ಕಾಲು ನೋಡಿಕೊಂಡ. ಕೀಲಿಯನ್ನು ಸಾಹುಕಾರರ ಕೈಗಿಟ್ಟು ಬಸ್ ಸ್ಟ್ಯಾಂಡಿನ ಕಡೆ ನಡೆದ. ಚಹಾದಂಗಡಿಯವನು ಅವತ್ತು ನನ್ನ ಗ್ಲಾಸನ್ನು ಟೇಬಲ್ಲಿನ ಮೇಲೆ ಕುಕ್ಕಿ, "ಕುಣಿಲಾರದಕಿ ನೆಲ ಡೊಂಕ ಅಂದಳಂತ," ಎಂದು ಗೊಣಗಿದ. ನಾನು ಕೇಳದವನಂತೆ ಚಹಾ ಕುಡಿದೆ.

ಹೊಸ ಡ್ರೈವರ್ ಬಂದ. ಹತ್ತು ದಿನಕ್ಕೆ ಅವನೂ ಬಂದು ನಿಂತ. ಅದೇ ಸೋರಿಕೆ, ಅದೇ ನಡುಕ. ಇವನ ಕಾಲೂ ಭಾರವೆಂದರೆ ಊರು ನಕ್ಕೀತು. ಗಾಡಿ ಆಗಷ್ಟೇ ಕಿತ್ತೂರಿನಿಂದ ಬಂದಿತ್ತು, ಹೌಸಿಂಗು ಮುಟ್ಟಿದರೆ ಸುಡುತ್ತಿತ್ತು. ಅದರ ಬುಡಕ್ಕೆ ಹೊಕ್ಕು ಅಂಗಾತ ಬಿದ್ದುಕೊಂಡೆ. ಏನು ಮಾಡಬೇಕೋ ತೋಚಲಿಲ್ಲ. ಸಿಟ್ಟಿನಿಂದ ಬೋಲ್ಟು ಬಿಗಿಯುವ ಪಾನಾ ಎತ್ತಿ ಹೌಸಿಂಗಿನ ನೆತ್ತಿಗೊಂದು ಬಡಿದೆ. ಬಣ್ಣದ ಒಂದು ಚಕ್ಕೆ ಎದ್ದು ಮುಖದ ಮೇಲೆ ಬಿತ್ತು. ಅದರ ಬೆನ್ನಿಗೇ ಸುಯ್ ಎಂದು ಗಾಳಿ ಹೊರಟಿತು.

ಹೌಸಿಂಗಿನ ನೆತ್ತಿಯಲ್ಲಿ ಬೆರಳ ತುದಿಯಷ್ಟು ದೊಡ್ಡ ಮುಚ್ಚಳವೊಂದಿರುತ್ತದೆ. ಬಿಸಿಯಾಗಿ ಉಬ್ಬಿದ ಗಾಳಿ ಅದರ ಸಂದಿಯಿಂದ ಹೊರಗೆ ಹೋಗಬೇಕು. ಹಬ್ಬದ ನನ್ನ ಎರಡು ಕೈ ಬಣ್ಣ ಆ ಸಂದಿಯನ್ನು ಮುಚ್ಚಿಬಿಟ್ಟಿತ್ತು. ದಾರಿ ಕಾಣದ ಗಾಳಿ ಎಷ್ಟೇ ಹೊಸ ಸೀಲು ಹಾಕಿದರೂ ಅದರ ಬಾಯಿಂದಲೇ ಎಣ್ಣೆಯನ್ನು ಹೊರಗೆ ನೂಕುತ್ತಿತ್ತು. ಅದೇ ಬಣ್ಣ ಇನ್ನೇನನ್ನು ಮುಚ್ಚಿದೆಯೋ ಎಂದು ಹ್ಯಾಕ್ಸಾ ಬ್ಲೇಡಿನ ತುಂಡಿನಿಂದ ಶಾಫ್ಟಿನ ಬಣ್ಣವನ್ನೂ ಕೆರೆದೆ. ಎರಡು ತುಂಡು ಕೂಡುವಲ್ಲಿ ಒಂದೊಂದರ ಮೇಲೂ ಒಂದು ಬಾಣದ ಗುರುತಿರುತ್ತದೆ, ಅವು ಎದುರುಬದುರು ಬರದಿದ್ದರೆ ತಿರುಗುವಾಗ ಶಾಫ್ಟು ನಡುಗುತ್ತದೆ. ಇಲ್ಲಿ ಅವು ಮುನಿಸಿಕೊಂಡ ಅತ್ತೆ-ಸೊಸೆಯರ ಹಾಗೆ ಒಂದೊಂದು ದಿಕ್ಕಿಗೆ ಮುಖ ಮಾಡಿದ್ದವು. ಗುರುತಿನ ಮೇಲೆ ಬಣ್ಣ ಬಳಿದವನು ನಾನು, ಕುರುಡನಂತೆ ಜೋಡಿಸಿದವನೂ ನಾನೇ. ಆ ಎಣ್ಣೆಯಲ್ಲಿ ಬಿದ್ದುಕೊಂಡೇ ಅತ್ತುಬಿಟ್ಟೆ.

ಸರಿ ಮಾಡಲು ಹಿಡಿದದ್ದು ಒಂದು ತಾಸು. ಕಿತ್ತೂರಿಗೆ ಹೋಗಿ ಬಂದರೂ ಒಂದು ಹನಿ ಸೋರಲಿಲ್ಲ, ಒಂದಿಷ್ಟೂ ನಡುಗಲಿಲ್ಲ. ಸವದತ್ತಿಗೆ ಹೋಗಿ ಸಾಹುಕಾರರ ಮುಂದೆ ಎಲ್ಲವನ್ನೂ ಹೇಳಿದೆ. ಅವರು "ಅವನ್ನ ನೀವಽ ಕರಕೊಂಡು ಬರ್ರಿ," ಎಂದರು. ಅದೇ ಪಿಕಪ್ಪಿನಲ್ಲಿ ಸಿರಸಂಗಿಗೆ ಹೋದೆ.

ಅವನ ಹೆಂಡತಿ ಬಾಗಿಲಲ್ಲೇ ಇದ್ದಳು. ನಾನು ಯಾರೆಂದು ತಿಳಿದ ಮೇಲೂ ಬೈಯಲಿಲ್ಲ. "ಕಡ್ಲಿ ಕೀಳಾಕ ಕೂಲಿ ಹೋಗ್ಯಾರ್ರಿ," ಎಂದಳು. "ರಾಮದುರ್ಗದಾಗ ಮೂರ್ ಕಡೆ ಕೇಳಿದ್ರು. ಬೈಲಹೊಂಗಲ ಮಿಸ್ತ್ರಿ ಅಂದಾನಂದ್ರ ಸುಳ್ಳಿರಂಗಿಲ್ಲ ಅಂತ ಕಳಸಿದ್ರಂತ. ಈಗ ಕಟ್ಟಿ ಮ್ಯಾಲೆ ಕುಂತಲ್ಲೆ ಕಾಲು ನೆಲಕ್ಕ ಒತ್ತಿ ಒತ್ತಿ ನೋಡ್ಕೋತಾರ್ರಿ. ಯಾಕ ಅಂತ ಕೇಳಿದ್ರ ಹೇಳಂಗಿಲ್ಲ."

ಹೊಲಕ್ಕೆ ಹೋದೆ. ಹತ್ತಾರು ಜನ ಸಾಲು ಹಿಡಿದು ಕಡಲೆ ಕೀಳುತ್ತಿದ್ದರು. ನಾಲ್ಕು ಜನರೆದುರು ಕಳೆದ ಮಾನವನ್ನು ಮೂಲೆಗೆ ಕರೆದು ಕೊಡಲು ಬರುವುದಿಲ್ಲ. ಎಲ್ಲರಿಗೂ ಕೇಳುವ ಹಾಗೆ ಹೇಳಿದೆ. ಬಣ್ಣ ಹಚ್ಚಿದವನು ನಾನು, ಗುರುತು ತಪ್ಪಿಸಿದವನು ನಾನು, ಸುಳ್ಳು ಹೇಳಿದವನೂ ನಾನು ಎಂದೆ. ಅವನು ಕೈಯಲ್ಲಿದ್ದ ಗಿಡಗಳನ್ನು ಗುಡ್ಡೆಗೆ ಹಾಕಿ, "ಇರಲಿ ಬಿಡ್ರಿ ಮಿಸ್ತ್ರಿ," ಎಂದ. ಕೈ ತೊಳೆದು ಬಂದು ಗಾಡಿ ಹತ್ತಿದ. ನಾನು ಪಕ್ಕದಲ್ಲಿ ಕೂತೆ.

ಊರ ಹೊರಗೆ ಸಣ್ಣದೊಂದು ಏರು. ಹನ್ನೊಂದು ವರ್ಷ ಅವನು ಹೇರು ತುಂಬಿದ ಗಾಡಿಯನ್ನು ಹತ್ತಿಸಿದ ಏರು ಅದು. ಎದುರಿನಿಂದ ಎತ್ತಿನ ಬಂಡಿ ಬಂತೆಂದು ನಿಲ್ಲಿಸಿ, ಮತ್ತೆ ಹೊರಡಿಸಿದ. ಎಂಜಿನ್ ಬಂದ್ ಆಯಿತು. ಇನ್ನೊಮ್ಮೆ ಚಾಲೂ ಮಾಡಿದ, ಇನ್ನೊಮ್ಮೆ ಬಂದ್ ಆಯಿತು. ಮೂರನೆಯ ಸಲ ಅವನ ಕಾಲನ್ನು ನೋಡಿದೆ. ಎಕ್ಸಲೇಟರಿನ ಮೇಲೆ ಅದು ಇತ್ತು ಅಷ್ಟೇ, ಒತ್ತುತ್ತಿರಲಿಲ್ಲ. ಖಾಲಿ ಗಾಡಿ ಹಿಂದಕ್ಕೆ ಜಾರಿತು. ಬ್ರೇಕು ಹಿಡಿದು, ಹಣೆಯ ಬೆವರು ಒರೆಸಿಕೊಂಡು ನನ್ನ ಕಡೆ ತಿರುಗಿದ.

"ಈಗರ ಹಗುರ ಆಗೇತೇನ್ರಿ?"

"ಎಂದೂ ಭಾರ ಇರಲಿಲ್ಲೋ ಮಾರಾಯಾ," ಎಂದೆ.

ಅವನು ಹೌದೆನ್ನುವಂತೆ ತಲೆಯಾಡಿಸಿದ. ಆಮೇಲೆ ಚಪ್ಪಲಿ ಕಳಚಿ ಸೀಟಿನ ಕೆಳಗೆ ಸರಿಸಿ, ಬರಿಗಾಲನ್ನು ಮೆಲ್ಲಗೆ ಎಕ್ಸಲೇಟರಿನ ಮೇಲಿಟ್ಟ.