ಮೂವತ್ತು ಸೆಕೆಂಡಿನ ಕೋಡ್

ಟಕ್, ಟಕ್, ಟಕ್. ಅಪ್‌ಡೇಟ್ ಬಟನ್ ಒತ್ತುವ ಮೊದಲು ಟೀಚರ್ ಉಂಗುರದ ಬೆರಳಿನಿಂದ ಮೇಜಿಗೆ ಮೂರು ಸಲ ತಟ್ಟುತ್ತಿದ್ದರು. ಆ ಸದ್ದಿಗೆ ಬಲ್ಮಠದ ನಮ್ಮ ಒಂದೇ ಕೋಣೆಯ ಆಫೀಸಿನಲ್ಲಿ ಎಲ್ಲರೂ ಸುಮ್ಮನಾಗಬೇಕು. ಎಲ್ಲರೂ ಎಂದರೆ ನಾನೊಬ್ಬಳೇ.

ಒಂದೇ ಕಾನ್ವೆಂಟ್ ಶಾಲೆಯಲ್ಲಿ ನಾನು ಇಂಗ್ಲಿಷ್, ಅವರು ಕಂಪ್ಯೂಟರ್ ಕಲಿಸಿದವರು. ರಿಟೈರ್ ಆದ ಮೇಲೆ ಹೋಮ್ ನರ್ಸ್‌ಗಳ ಡ್ಯೂಟಿ ಲಿಸ್ಟ್ ನೋಡಿಕೊಳ್ಳುವ ಕೆಲಸಕ್ಕೆ ಇಬ್ಬರೂ ಸೇರಿಕೊಂಡೆವು. ಲಿಸ್ಟ್ ಇದ್ದದ್ದು ಎಲ್ಲೋ ದೂರದ ಬಾಡಿಗೆ ಸರ್ವರ್‌ನಲ್ಲಿ. ಅದನ್ನು ನಡೆಸುವ ಕಂಟ್ರೋಲ್ ಪ್ಯಾನೆಲ್ ಬ್ರೌಸರಿನಲ್ಲಿ ತೆರೆಯುತ್ತಿತ್ತು. ಹೊಸ ವರ್ಷನ್ ಬಂದಾಗಲೆಲ್ಲ ಅದರ ಟಿಪ್ಪಣಿಯನ್ನು ನಾನು ಗಟ್ಟಿಯಾಗಿ ಓದಬೇಕು, ಬೋರ್ಡಿಂಗಿನಲ್ಲಿ ಊಟದ ಹೊತ್ತಿಗೆ ಸಂತರ ಚರಿತ್ರೆ ಓದುತ್ತಿದ್ದ ಹಾಗೆ. ಅವರು ಕೇಳಿ ತೀರ್ಮಾನಿಸಬೇಕು.

“ಬ್ಯಾಕಪ್ ಅರ್ಧಕ್ಕೆ ನಿಲ್ಲುತ್ತಿದ್ದದ್ದು ಫಿಕ್ಸ್ ಆಗಿದೆಯಂತೆ,” ಎಂದು ಓದಿದರೆ, “ಅವರೇ ಹಾಳು ಮಾಡುವುದು, ಅವರೇ ಸರಿ ಮಾಡುವುದು, ನಾವು ಥ್ಯಾಂಕ್ಸ್ ಹೇಳುವುದು. ಮುಂದೆ ಓದಿ ಮಿಸ್,” ಎನ್ನುವರು.

ಒಂದು ವರ್ಷನ್‌ನಲ್ಲಿ ಪಾಸ್‌ವರ್ಡ್ ಸಾಲದೆ, ಫೋನಿನಲ್ಲಿ ಕಾಣುವ ಆರು ಅಂಕಿಯ ಕೋಡ್ ಕೂಡ ಕಡ್ಡಾಯವಾಯಿತು. ಮೂವತ್ತು ಸೆಕೆಂಡಿಗೊಮ್ಮೆ ಅದು ಬದಲಾಗುತ್ತದೆ. ನಮ್ಮಿಬ್ಬರಿಗೂ ಇದ್ದದ್ದು ಒಂದೇ ಲಾಗಿನ್. ಒಂದೇ ಟಿಫಿನ್ ಹಂಚಿ ತಿನ್ನುವವರಿಗೆ ಎರಡು ಯಾಕೆ? ಟೀಚರ ಫೋನನ್ನೇ ಅದಕ್ಕೆ ಜೋಡಿಸಿದೆವು.

ಆಮೇಲೆ ಶುಗರ್ ಅವರ ಕಣ್ಣಿಗೆ ಇಳಿಯಿತು. ಕೊಟ್ಟಾರದ ತಂಗಿಯ ಮನೆಯಿಂದ ಹೊರಗೆ ಬರುವುದು ನಿಂತಿತು. ದಿನಾ ಬೆಳಿಗ್ಗೆ ನಾನು ತಂಗಿಯ ಫೋನಿಗೆ ಕರೆ ಮಾಡುವುದು, ಟೀಚರ್ ತಮ್ಮ ಫೋನಿಗೆ ಭೂತಗನ್ನಡಿ ಹಿಡಿದು ಕೋಡ್ ಓದುವುದು. ತಂಗಿ ಓದಲು ಬಂದರೆ ಬಿಡುತ್ತಿರಲಿಲ್ಲ.

“ನಾಲ್ಕು, ಒಂದು... ಇದು ಎಂಟಾ, ಮೂರಾ?”

ಅಷ್ಟರಲ್ಲಿ ಕೋಡ್ ಮುಗಿಯುತ್ತಿತ್ತು. ನಾನು ಕುರ್ಚಿಯಿಂದ ಏಳುವೆ, ಕೂರುವೆ, ಸೆರಗಿನ ತುದಿ ತಿರುಚುವೆ. ಆ ಕಡೆ ಜೆಪ್ಪುವಿನ ರೋಗಿಯೊಬ್ಬರ ಮನೆಯಲ್ಲಿ ಪಾಳಿ ಮುಗಿಸಿದ ನರ್ಸ್ ಬದಲಿಯವಳನ್ನು ಕಾಯುತ್ತಿರುವಳು. ಲಿಸ್ಟ್ ಹೋಗದೆ ಬದಲಿಯವಳು ಹೊರಡುವುದಿಲ್ಲ; ಹಾಸಿಗೆ ಹಿಡಿದವರನ್ನು ಬಿಟ್ಟು ಇವಳು ಮನೆಗೆ ಹೋಗುವ ಹಾಗಿಲ್ಲ.

ಕೊನೆಗೊಂದು ವರ್ಷನ್ ಬಂತು: ಒಬ್ಬೊಬ್ಬರಿಗೂ ಬೇರೆ ಲಾಗಿನ್, ಬೇರೆ ಕೋಡ್. ಆ ಒಂದು ಸಾಲನ್ನು ನಾನು ಅವರಿಗೆ ಫೋನಿನಲ್ಲಿ ಓದಿ ಹೇಳಲಿಲ್ಲ. ನನ್ನನ್ನು ಸೇರಿಸಲಿಕ್ಕೂ ಅವರ ಕೋಡೇ ಬೇಕಿತ್ತು. ಲ್ಯಾಪ್‌ಟಾಪ್ ಹಿಡಿದುಕೊಂಡು ಕೊಟ್ಟಾರಕ್ಕೆ ಹೋದೆ.

“ಎಂತ ಮಿಸ್, ಫೋನಿನಲ್ಲಿ ಕೇಳಿದ್ರೆ ಸಾಕಿತ್ತಲ್ಲ?”

“ಹೊಸ ಫೀಚರ್ ಉಂಟು ಟೀಚರ್. ನನಗೆ ಬೇರೆ ಲಾಗಿನ್ ಮಾಡ್ಲಿಕ್ಕೆ ಆಗ್ತದೆ.”

ಟೀಚರ್ ಭೂತಗನ್ನಡಿಯನ್ನು ಮಡಿಲಲ್ಲಿಟ್ಟರು. “ಹಾಗಾದ್ರೆ ಇನ್ನು ನನ್ನ ಕೋಡ್ ಬೇಡ.”

“ಇವತ್ತು ಬೇಕು.”

“ಕೋಳಿಯ ಹತ್ರವೇ ಮಸಾಲೆ ಅರೆಸ್ತೀರಲ್ಲ ಮಾರಾಯ್ರೆ,” ಎಂದು ನಕ್ಕರು. ನನಗೆ ನಗು ಬರಲಿಲ್ಲ.

ಬಗ್ಗಿ ನೋಡಿದ್ದರೆ ನಾನೇ ಓದಬಹುದಿತ್ತು. ತಂಗಿ ಕೈ ಚಾಚಿದಳು. ಟೀಚರ್ ಫೋನನ್ನು ಎದೆಗೆ ಒತ್ತಿಕೊಂಡರು. “ನಾನೇ ಓದ್ತೇನೆ.” ಮೊದಲ ಸಲ ತಪ್ಪಿತು. ಎರಡನೆಯದೂ. ನನ್ನ ಬ್ಯಾಗಿನೊಳಗೆ ಜೆಪ್ಪುವಿನ ನರ್ಸಿನ ಕರೆಗೆ ಫೋನ್ ನಡುಗುತ್ತಲೇ ಇತ್ತು. ಮೂರನೆಯ ಸಲ ಆರೂ ಅಂಕಿ ಸರಿಯಾಗಿ ಬಂದವು. ಅವರ ಹೆಸರಿನ ಕೆಳಗೆ ನನ್ನ ಹೆಸರು ಮೂಡಿತು.

“ನಿಮ್ಮದನ್ನು ತೆಗೆಯುವುದಿಲ್ಲ,” ಎಂದೆ.

“ಇರ್ಲಿ. ಆದ್ರೆ ಬೆಳಿಗ್ಗೆ ಎಂತಕ್ಕೆ ಫೋನ್ ಮಾಡ್ತೀರಿ?”

“ಸುಮ್ಮನೆ.”

“ನೀವು? ಸುಮ್ಮನೆ?”

ಎರಡು ದಿನ ಮಾಡಿದೆ. ಕೋಡ್ ಇಲ್ಲದೆ ಏನು ಮಾತಾಡಬೇಕೆಂದು ಇಬ್ಬರಿಗೂ ತಿಳಿಯಲಿಲ್ಲ. ಮೂರನೆಯ ದಿನ ನನಗೆ ಪುರುಸೊತ್ತಾಗಲಿಲ್ಲ ಎಂದು ನನಗೆ ನಾನೇ ಹೇಳಿಕೊಂಡೆ. ತಿಂಗಳೊಳಗೆ ಮಸ್ಕತ್‌ನಲ್ಲಿದ್ದ ಅವರ ತಮ್ಮ ಕಣ್ಣಿನ ಚಿಕಿತ್ಸೆಗೆಂದು ಅವರನ್ನು ಅಲ್ಲಿಗೇ ಕರೆದುಕೊಂಡು ಹೋದರು. ಅಲ್ಲಿಂದ ಸಾವಿನ ಸುದ್ದಿ ಬಂತು, ಅವರು ಬರಲಿಲ್ಲ.

ಹಾಗಾಗಿ ಅವರನ್ನು ಕೊನೆಯ ಸಲ ನೋಡಿದ್ದು ಲಾಗಿನ್ ಮಾಡಿಕೊಂಡು ಹೊರಟ ಅವತ್ತೇ, ಕೊಟ್ಟಾರದ ಮನೆಯ ಮೆಟ್ಟಿಲಿನ ತಿರುವಿನಿಂದ. ಬಾಗಿಲು ತೆರೆದೇ ಇತ್ತು. ಟೀಚರ್ ಕಿಟಕಿಯ ಬೆಳಕಿಗೆ ತಿರುಗಿ, ಫೋನನ್ನು ಮೂಗಿನ ಹತ್ತಿರ ಹಿಡಿದು, ಹೊಸದಾಗಿ ಬಂದ ಕೋಡಿನ ಒಂದೊಂದೇ ಅಂಕಿಯನ್ನು ಗಟ್ಟಿಯಾಗಿ ಓದುತ್ತಿದ್ದರು. ನಾಲ್ಕನೆಯ ಅಂಕಿಯವರೆಗೆ ಕೇಳಿಸಿಕೊಂಡೆ. ಆಟೋದವನು ಹಾರ್ನ್ ಮಾಡಿದ; ಇಳಿದುಬಿಟ್ಟೆ.