ಸುಣ್ಣ ಬಳಿದ ಅಡಿಗೆಮನೆ

ನನ್ನ ತಮ್ಮ ಸಿನಿಮಾ ಮಾಡಲು ಹೊರಟಾಗ ನಟರನ್ನು ಹುಡುಕಿಕೊಂಡು ಎಲ್ಲಿಗೂ ಹೋಗಲಿಲ್ಲ. ಬುಕ್ಕಸಾಗರದ ನಮ್ಮ ಓಣಿಯವರನ್ನೇ ಹಿಡಿದ. ಗದ್ದೆ ಕೆಲಸ ಮುಗಿಸಿದವರು ಕೈಕಾಲು ತೊಳೆದುಕೊಂಡು ಕ್ಯಾಮೆರಾ ಮುಂದೆ ನಿಲ್ಲುತ್ತಿದ್ದರು. ಗಂಡ ಸಂಡೂರಿನ ಗಣಿಗೆ ದುಡಿಯಲು ಹೋದ ಹೆಂಗಸಿನ ಪಾತ್ರ ಪಕ್ಕದ ಮನೆಯಾಕೆಯದು. ಅಡಿಗೆಮನೆ ನನ್ನದು. ಒಲೆಯ ಹೊಗೆ ಕುಡಿದು ಕರ್ರಗಾದ ಗೋಡೆಯೇ ಅವನಿಗೆ ಬೇಕಾಗಿತ್ತು.

ರೊಟ್ಟಿ ಮಾಡುವ ದೃಶ್ಯ ಅರ್ಧವಾಗಿತ್ತು. ಉಳಿದದ್ದು ಆಮೇಲೆ ಎಂದು, ಗಣಿ ರಸ್ತೆಯ ದೃಶ್ಯ ತೆಗೆಯಲು ಸಂಡೂರಿಗೆ ಹೊರಟ. ಬಾಗಿಲಲ್ಲಿ ನಿಂತು ಹೇಳಿದ: "ಅಕ್ಕಾ, ನಾ ಬರೋತನಕ ಅಡಿಗಿಮನ್ಯಾಗ ಏನೂ ಮುಟ್ಟಬ್ಯಾಡ."

"ಆತಪಾ, ಹೋಗ್ ಬಾ" ಅಂದೆ.

ಮರುದಿನ ಪಕ್ಕದ ಮನೆಯಾಕೆ ಗೋಡೆ ನೋಡಿ ನಕ್ಕಳು. "ನಂದೇನಬೇ, ನಾ ಪಾತ್ರ ಮಾಡಾಕಿ. ಮನಿ ನಿಂದು ಅಂತ ಊರಿಗೆಲ್ಲಾ ಗೊತ್ತು. ಇಷ್ಟು ಹೊಲಸಿನ್ಯಾಗ ಉಣ್ತಾರೇನು ಅಂತಾರ."

ಐದನೇ ಕ್ಲಾಸಿಗೆ ಶಾಲೆ ಬಿಟ್ಟವಳು ನಾನು. ಮನೆ ಚೊಕ್ಕಟ ಇಡುತ್ತೇನೆಂಬುದೊಂದೇ ನನ್ನ ಹೆಚ್ಚುಗಾರಿಕೆ. ಅವತ್ತೇ ಸುಣ್ಣ ತರಿಸಿ, ನೀಲಿ ಕಲಸಿ, ಬಳಿದುಬಿಟ್ಟೆ.

ತಮ್ಮ ಬಂದವನು ಹೊಸ್ತಿಲಲ್ಲೇ ನಿಂತ. ಶೂಟಿಂಗಿಗೆ ಓಣಿಯವರೆಲ್ಲ ಸೇರಿದ್ದರು.

"ಚಲೋ ಕಾಣ್ತೈತಿಲ್ಲ?" ಅಂದೆ.

"ಅಯ್ಯ ಶಿವನೇ" ಅಂದಳು ಪಕ್ಕದ ಮನೆಯಾಕೆ, "ಸಿನಿಮಾದಾಗ ಹಂಚಿನ ಮ್ಯಾಲಿನ ರೊಟ್ಟಿ ತಿರುವಿ ಹಾಕೋದ್ರಾಗ ಗ್ವಾಡಿ ಬೆಳ್ಳಗ ಆಗಿಬಿಡತೈತಲ್ಲಬೇ!"

ಎಲ್ಲರೂ ನಕ್ಕರು. ತಮ್ಮ ನಗಲಿಲ್ಲ. ಹಸಿ ಕಟ್ಟಿಗೆ ತುಂಬಿ ಸಂಜೆಯವರೆಗೆ ಹೊಗೆ ಹಾಕಿದೆವು. ಕಣ್ಣು ಉರಿದವೇ ಹೊರತು ಗೋಡೆ ಕರ್ರಗಾಗಲಿಲ್ಲ. ಎರವಲು ತಂದ ಕ್ಯಾಮೆರಾ ಮರುದಿನ ವಾಪಸ್ ಹೋಗಬೇಕಿತ್ತು.

"ಮುಟ್ಟಬ್ಯಾಡ ಅಂತ ಹೇಳಿದ್ನಲ್ಲಕ್ಕಾ?"

ಎಲ್ಲರೂ ನನ್ನನ್ನೇ ನೋಡಿದರು.

"ಇಲ್ಲಪಾ. ಹೇಳಿದ್ರ ನಾ ಯಾಕ ಬಳೀತಿದ್ದೆ?"

"ಹಂಗಾರ ಗಡಿಬಿಡಿಯಾಗ ಮರತಿರಬೇಕು. ನಂದ ತಪ್ಪು" ಅಂದ. ನನ್ನ ಮಾತು ನಂಬಿ ತನ್ನ ನೆನಪನ್ನೇ ಅನುಮಾನಿಸಿದ.

ಕ್ಯಾಮೆರಾ ಮತ್ತೆ ಸಿಗಲಿಲ್ಲ. ಸಿನಿಮಾ ಅಲ್ಲಿಗೇ ನಿಂತಿತು. ಈಗ ಹೊಸಪೇಟೆಯಲ್ಲಿ ಮದುವೆ ವಿಡಿಯೊ ತೆಗೆಯುತ್ತಾನೆ. ನಿಜ ಹೇಳಬೇಕೆಂದು ಎಷ್ಟೋ ಸಲ ಅವನ ಮನೆಗೆ ಹೋಗಿದ್ದೇನೆ. ಮಕ್ಕಳ ಮಾತಾಡಿ ಎದ್ದು ಬಂದಿದ್ದೇನೆ.

ಮೊನ್ನೆ ನಮ್ಮಲ್ಲಿ ಊಟಕ್ಕೆ ಕೂತಿದ್ದಾಗ ಅವನಿಗೆ ಕಂಪ್ಲಿಯಿಂದ ಫೋನ್ ಬಂತು. ಅಲ್ಲಿಯ ಹುಡುಗರು ತಮ್ಮೂರಿನವರನ್ನೇ ಹಾಕಿಕೊಂಡು ಸಿನಿಮಾ ಮಾಡುತ್ತಾರಂತೆ, ಇವನೇ ಬಂದು ಮಾಡಿಸಬೇಕಂತೆ.

"ಬ್ಯಾಡ್ರಪಾ. ಮಂದಿಗೆ ಏನು ಹೇಳಬೇಕು ಅನ್ನೋದ ನನಗ ನೆನಪಿರಂಗಿಲ್ಲ. ಒಂದು ಸಲ ಹಂಗ ಕೆಡಿಸೇನಿ" ಅಂದ.

ಅನ್ನದ ಪಾತ್ರೆ ಹಿಡಿದು ನಾನು ಎದುರಿಗೇ ನಿಂತಿದ್ದೆ. ಅವನು ಫೋನ್ ಇಡುವವರೆಗೆ ಕಾದೆ. ತಲೆ ಎತ್ತಿ ನೋಡಿದ.

"ಇನ್ನೊಂದಿಷ್ಟು ಹಾಕ್ಲಿ?" ಅಂದೆ.