ಹೊಸ ಪ್ರಿಂಟರ್ ಕತ್ತರಿಸಿದ ವಂಶವೃಕ್ಷ

ನನ್ನ ಹಳೆಯ ಪ್ರಿಂಟರು ಒಂದು ಸೋಮವಾರ ಬೆಳಿಗ್ಗೆ ಯಾರದೋ ಅಫಿಡವಿಟ್ಟನ್ನು ‘ನಾನು ಸತ್ಯವಾಗಿ’ ಎಂಬಲ್ಲಿಯವರೆಗೆ ಮುದ್ರಿಸಿ, ಮುಂದೆ ಒಂದಕ್ಷರವನ್ನೂ ಆಡದೆ ಪ್ರಾಣ ಬಿಟ್ಟಿತು. ಮೊಳದಷ್ಟು ಅಗಲದ, ಅಂಚಿನಲ್ಲಿ ತೂತುಗಳಿದ್ದ ಕಾಗದವನ್ನು ಕರ್ರೋ ಎಂದು ಎಳೆದುಕೊಳ್ಳುತ್ತಿದ್ದ ಯಂತ್ರ ಅದು. ಅದು ಕೆಲಸ ಮಾಡುತ್ತಿದ್ದರೆ ಬೀದಿಯ ನಾಯಿ ಎದ್ದು ಆಚೆ ಬೀದಿಗೆ ಹೋಗುತ್ತಿತ್ತು. ಬಿಡಿಭಾಗ ಎಲ್ಲೂ ಸಿಗುವುದಿಲ್ಲವೆಂದು ಮೂರು ಅಂಗಡಿಯವರು ಪ್ರತ್ಯೇಕವಾಗಿ ತೀರ್ಪು ಕೊಟ್ಟರು.

ನಾನು ನಿವೃತ್ತ ಟೈಪಿಸ್ಟು. ಕೊಡಿಗೇಹಳ್ಳಿಯಲ್ಲಿ ಮನೆಯ ಮುಂದಿನ ಕೋಣೆಯಲ್ಲೇ ಕೂತು ಊರಿನ ಹಳೇ ಮನೆತನಗಳಿಗೆ ವಂಶವೃಕ್ಷ ಮಾಡಿಕೊಡುತ್ತೇನೆ. ಮನೆಯ ಯಜಮಾನ ತೀರಿಕೊಂಡು ಆಸ್ತಿ ಭಾಗವಾಗಬೇಕೆಂದರೆ ನಾಡಕಚೇರಿಯವರು ಮೊದಲು ಕೇಳುವುದು ಈ ಹಾಳೆಯನ್ನು. ಮೇಲೆ ತೀರಿಕೊಂಡವರ ಹೆಸರು, ಅದರ ಕೆಳಗೊಂದು ಅಡ್ಡಗೆರೆ, ಗೆರೆಯಿಂದ ಇಳಿಬಿದ್ದ ಹಾಗೆ ಮಕ್ಕಳು, ಒಬ್ಬೊಬ್ಬರಿಗೂ ಒಂದೊಂದು ಚೌಕ. ಚೌಕ ಇಲ್ಲದವರು ಆ ಮನೆಯಲ್ಲಿ ಹುಟ್ಟಿಯೇ ಇಲ್ಲ ಎಂದು ಸರ್ಕಾರದ ತಿಳುವಳಿಕೆ.

ಆ ವಾರವೇ ಅಂಥದೊಂದು ಹಾಳೆ ತಯಾರಾಗಬೇಕಿತ್ತು. ನಮ್ಮ ಹಿಂದಿನ ಬೀದಿಯ ಮನೆತನ. ನಾಲ್ಕು ಗಂಡು, ಮೂರು ಹೆಣ್ಣು. ಶುಕ್ರವಾರ ಗ್ರಾಮ ಲೆಕ್ಕಿಗರು ಮನೆಗೇ ಬಂದು, ಹಾಳೆಯನ್ನು ಓದಿ, ಇರುವವರೆಲ್ಲ ಇದ್ದಾರೆಯೇ ಎಂದು ಮಹಜರು ಮಾಡುವವರಿದ್ದರು. ಅಂದು ಹಾಳೆಯಲ್ಲಿ ಇಲ್ಲದವರಿಗೆ ಆಮೇಲೆ ಭಾಗದಲ್ಲೂ ಜಾಗವಿಲ್ಲ.

ಮಂಗಳವಾರ ಹೊಸ ಪ್ರಿಂಟರ್ ತಂದೆ. ಬಿಳಿ ಬಣ್ಣ, ಮೂರು ಲೀಟರಿನ ಕುಕ್ಕರಿನಷ್ಟು ಗಾತ್ರ. ಡಬ್ಬಿಯೊಳಗೆ ಸಿ.ಡಿ. ಇಲ್ಲ, ಪುಸ್ತಕವಿಲ್ಲ, ‘ನಿಮ್ಮ ಫೋನಿನಿಂದ ಪ್ರಾರಂಭಿಸಿ’ ಎಂಬ ಅರ್ಥದ ಒಂದು ಚೀಟಿ ಮಾತ್ರ ಇತ್ತು. ಕಂಪ್ಯೂಟರಿಗೆಂದು ತಂದ ವಸ್ತು ಫೋನಿನ ಜೊತೆ ಮಾತಾಡಬಯಸುವುದು ನನಗೆ ಮರ್ಯಾದೆಯ ವಿಷಯವಾಗಿ ಕಾಣಲಿಲ್ಲ. ತಂತಿಯಲ್ಲಿ ಸಿಕ್ಕಿಸಿದೆ. ಹಸಿರು ಗುಡ್ಡದ ಮೇಲೆ ನೀಲಿ ಆಕಾಶ ತೋರಿಸಿಕೊಂಡು ಹಾಯಾಗಿದ್ದ ನನ್ನ ಕಂಪ್ಯೂಟರು, ‘ಅಪರಿಚಿತ ಸಾಧನ’ ಎಂದು ಘೋಷಿಸಿ ಬಾಗಿಲು ಹಾಕಿಕೊಂಡಿತು.

ಗಂಗಾನಗರದಿಂದ ರಿಪೇರಿಯವರನ್ನು ಕರೆಸಿದೆ. ಹುಬ್ಬಳ್ಳಿ ಕಡೆಯವರು, ಐವತ್ತು ದಾಟಿದವರು. ಕಂಪ್ಯೂಟರ್ ಹೊತ್ತಿಸಿದ್ದೇ ತಡ, ಕೈ ಮುಗಿದರು.

“ಏನ್ರೀ ಸರ ಇದು! ಇದನ್ನ ತಯಾರು ಮಾಡಿದವರ ಇದನ್ನ ಬಿಟ್ಟು ಎಷ್ಟೋ ವರ್ಷ ಆತು. ನೀವಿನ್ನೂ ಸಾಕೀರಲ್ರೀ?”

“ಚೆನ್ನಾಗೇ ಇದೆಯಲ್ಲ?”

“ಚಲೋ ಐತ್ರಿ, ಇಲ್ಲ ಅನ್ನಂಗಿಲ್ಲ. ಆದ್ರ ಈ ಪ್ರಿಂಟರಿಗೂ ಇದಕ್ಕೂ ಮಾತಿಲ್ಲ, ಕತಿಯಿಲ್ಲ. ಇದರ ಡ್ರೈವರ್ ಹೊಸಾ ಕಂಪ್ಯೂಟರಿಗಷ್ಟ ಬರತದ.”

ಡ್ರೈವರ್ ಎಂದರೆ ಎರಡು ಯಂತ್ರಗಳ ನಡುವಿನ ದುಭಾಷಿ ಎಂದು ಅವರೇ ವಿವರಿಸಿದರು. ಹೊಸ ಕಂಪ್ಯೂಟರ್ ತಗೊಳ್ರೀ ಎಂದರು. ಊರಿನ ಮನೆತನಗಳ ವಂಶವೃಕ್ಷಗಳೆಲ್ಲ ಈ ಪೆಟ್ಟಿಗೆಯೊಳಗಿವೆ, ಅವನ್ನು ಬರೆದ ತಂತ್ರಾಂಶ ಬೇರೆಲ್ಲೂ ತೆರೆಯುವುದಿಲ್ಲ ಎಂದೆ. ಅವರು ಪ್ರಿಂಟರನ್ನು ಮಗುಚಿ ಅದರ ಮಾಡೆಲ್ ನಂಬರು ಓದಿದರು.

“ಒಂದ ದಾರಿ ಐತ್ರಿ ಸರ. ಇದರ ಅಣ್ಣ ಒಬ್ಬಾವ ಇದ್ದ, ಹಳೇ ಮಾಡೆಲ್ಲು. ಅವನ ಡ್ರೈವರ್ ಹಾಕಿ, ಇವನ ಅವ ಅಂತ ಕಂಪ್ಯೂಟರಿಗೆ ಹೇಳಿಬಿಡೂಣು.”

“ಸುಳ್ಳು ಹೇಳೋದಾ?”

“ಸುಳ್ಳಲ್ರೀ. ಹೊಂದಾಣಿಕಿ.”

ದಿನಕ್ಕೆ ಹತ್ತು ಸಲ ‘ನನ್ನ ತಿಳುವಳಿಕೆಗೆ ಸತ್ಯವಾಗಿದೆ’ ಎಂದು ಟೈಪು ಮಾಡುವ ಕೋಣೆಯಲ್ಲಿ, ಹಾಡಹಗಲಿನಲ್ಲಿ, ಒಬ್ಬರ ಹೆಸರಿನಲ್ಲಿ ಇನ್ನೊಬ್ಬರನ್ನು ನಿಲ್ಲಿಸುವ ಕೃತ್ಯಕ್ಕೆ ನಾನು ಸಮ್ಮತಿಸಿದೆ. ಕಂಪ್ಯೂಟರು ನಂಬಿತು. ಪ್ರಿಂಟರು ಉಸ್ಸೆಂದು ಒಂದು ಹಾಳೆ ಕೊಟ್ಟಿತು. ಹೊರಡುವಾಗ ರಿಪೇರಿಯವರು, “ಅಗಲ ಹಾಳಿ ಕೇಳಬ್ಯಾಡ್ರಿ ಸರ, ಸಾದಾ ಎ-ಫೋರ್ ಅಷ್ಟ. ಅಡ್ಡ ತಿರುಗಿಸಿದ್ರೂ ಖಾಲಿ ಹಾಳಿ ಕೊಡತದ,” ಎಂದರು. ಡಾಕ್ಟರು ಹೇಳಿದ್ದಕ್ಕೆ ತಲೆಯಾಡಿಸುವಂತೆ ಇದಕ್ಕೂ ಆಡಿಸಿದೆ.

ಬುಧವಾರ ಆ ಮನೆತನದ ಹಿರಿಯ ಮಗ ಬಂದರು. ಊರಲ್ಲಿ ಎಲ್ಲರೂ ಅವರನ್ನು ದೊಡ್ಡವರು ಎಂದೇ ಕರೆಯುವುದು. ಏರ್‌ಪೋರ್ಟ್ ರಸ್ತೆಗೆ ಮುಖ ಮಾಡಿ ನಾಲ್ಕಂತಸ್ತು ಕಟ್ಟಿಸಿದ್ದಾರೆ. ದನದ ಕೊಟ್ಟಿಗೆ ಇದ್ದ ಜಾಗದಲ್ಲಿ ಈಗ ಟೈಲ್ಸ್ ಅಂಗಡಿ. ಮುದ್ರಿಸಿದ ಹಾಳೆಯನ್ನು ಕೊಟ್ಟೆ. ಕನ್ನಡಕ ಹಾಕಿಕೊಂಡು, ಬೆರಳಿಟ್ಟು, ಚೌಕ ಚೌಕವಾಗಿ ಓದಿದರು.

“ಸರ್‍ಯಾಗೈತೆ ಸಾಮಿ. ಅಕ್ಸರ ಏನ್ ಕಪ್ಪಗೆ ಬಂದೈತೆ! ಹಳೇದ್ರಲ್ಲಿ ಇಂಗೆ ಬತ್ತಿರ್ಲಿಲ್ಲ.”

ನಾನೂ ಕಪ್ಪನ್ನೇ ನೋಡಿ ಹಿಗ್ಗಿದೆ. ಅವರು ಕೆಳಗೆ ಸಹಿ ಮಾಡಿದರು. ಮಿಕ್ಕ ತಮ್ಮಂದಿರು ಮೂವರೂ ಸಂಜೆಯೊಳಗೆ ಬಂದು, ನೋಡಿ, ಸಹಿ ಮಾಡಿ ಹೋದರು. “ಅಕ್ಕ ನಾಳೆ ಬತ್ತಾಳೆ, ಅವಳ್ದೂ ಆಕಿಸ್ಕೊಳಿ. ಇನ್ನಿಬ್ರು ಶುಕ್ರವಾರ ಮನೇಲೇ ಆಕ್ತಾರೆ,” ಎಂದು ದೊಡ್ಡವರು ಹೇಳಿಯೂ ಹೋಗಿದ್ದರು.

ಗುರುವಾರ ಅವರ ಅಕ್ಕ ಸಿಂಗಾಪುರದಿಂದ, ಅಂದರೆ ಇಲ್ಲೇ ಹತ್ತಿರದ ಆ ಹೆಸರಿನ ಹಳ್ಳಿಯಿಂದ, ಬಸ್ಸಿನಲ್ಲಿ ಬಂದರು. ಅರವತ್ತು ದಾಟಿದವರು. ಮನೆಯ ಮುಂದೆ ಮಿಷನ್ ಹಾಕಿಕೊಂಡು ರವಿಕೆ ಹೊಲಿಯುತ್ತಾರಂತೆ. ನಾನು ಈ ಊರಿಗೆ ಬರುವ ಹೊತ್ತಿಗೆ ಅವರು ಮದುವೆಯಾಗಿ ಹೋಗಿಯಾಗಿತ್ತು. ಹತ್ತಿರದಿಂದ ನೋಡಿದ್ದು ಅದೇ ಮೊದಲು. ಪೆನ್ನು ಕೊಟ್ಟು, ಸಹಿಯ ಜಾಗ ತೋರಿಸಿದೆ. ಅವರು ಪೆನ್ನನ್ನು ಕೆಳಗಿಟ್ಟು, ಹಾಳೆಯನ್ನು ಬೆಳಕಿಗೆ ಹಿಡಿದರು.

“ಸಾರ್, ನಾನೆಲ್ಲಿದ್ದೀನಿ ಇದ್ರಲ್ಲಿ?”

“ಇಲ್ಲೇ ಅಮ್ಮಾ,” ಎಂದು ಬೆರಳಿಟ್ಟೆ. ಬೆರಳು ನಾಲ್ಕನೆಯ ತಮ್ಮನ ಚೌಕ ದಾಟಿ ಹಾಳೆಯಿಂದ ಜಾರಿ ಮೇಜಿನ ಮೇಲೆ ಬಿತ್ತು.

ಅಲ್ಲಿ ಚೌಕವೇ ಇಲ್ಲ. ಮೂರು ಹೆಣ್ಣುಮಕ್ಕಳಲ್ಲಿ ಒಬ್ಬರೂ ಇಲ್ಲ.

“ಈ ಅಡ್ಡಗೆರೆ ನೋಡಿ ಸಾರ್,” ಎಂದರು ಅವರು, ನಿಧಾನವಾಗಿ. “ಹಾಳೆ ಅಂಚಿನ್ ತನಕ ಹೋಗೈತೆ. ಹೋಗಿ ಎಲ್ಲಿಗ್ ಸೇರ್ತೈತೆ?”

ಹಳೆಯ ಅಗಲ ಕಾಗದದ ಅಳತೆಗೆ ಮಾಡಿದ್ದ ವೃಕ್ಷದ ಎಡಭಾಗವನ್ನು ಮಾತ್ರ ಮುದ್ರಿಸಿ, ಬಲಕ್ಕೆ ಉಳಿದಿದ್ದನ್ನು ಈ ಬಿಳೀ ಕುಕ್ಕರು ಸದ್ದಿಲ್ಲದೆ ನುಂಗಿತ್ತು. ತಪ್ಪಾಯಿತೆಂದು ಒಂದು ದೀಪವನ್ನಾದರೂ ಮಿನುಗಿಸಿರಲಿಲ್ಲ. ನಾನು ಪ್ರಿಂಟರನ್ನು, ಡ್ರೈವರನ್ನು, ಹುಬ್ಬಳ್ಳಿಯವರ ಹೊಂದಾಣಿಕಿಯನ್ನು ಒಟ್ಟಿಗೆ ದೂರಿದೆ. ಅಕ್ಕ ಕೇಳಿಸಿಕೊಂಡರು.

“ಮಿಷನ್ ಕತ್ತರಿಸ್ತು, ಸರಿ. ನಾಲ್ಕ್ ಜನ ತಮ್ದೀರು ನೋಡಿ ಸೈನ್ ಹಾಕವ್ರಲ್ಲ ಸಾರ್. ಅವ್ರ ಕಣ್ಣನ್ನ ಯಾವ್ ಮಿಷನ್ ಕತ್ತರಿಸ್ತು?”

ನನ್ನ ಕಣ್ಣಿನ ಬಗ್ಗೆ ಅವರು ಕೇಳಲಿಲ್ಲ. ಅದು ಅವರ ದೊಡ್ಡತನ.

ಕಂಪ್ಯೂಟರಿನ ಪರದೆಯಲ್ಲಿ ಪೂರ್ತಿ ವೃಕ್ಷ ತೋರಿಸಿದೆ. ನೋಡಿ ಅವರು ಸಮಾಧಾನಪಡುತ್ತಾರೆ ಎಂದುಕೊಂಡಿದ್ದೆ.

“ನಾನು ಐದನೇವಳಾ?”

“ಅಲ್ವಾ?”

“ಮೊದಲ್ನೇವಳು ಸಾರ್ ನಾನು! ನೀವೆಲ್ಲ ದೊಡ್ಡವರು ಅಂತೀರಲ್ಲ, ಅವನನ್ನ ಸೊಂಟದ್ ಮೇಲೆ ಹೊತ್ಕೊಂಡು ತಿರುಗ್ದೋಳು. ನನ್ನ ಅವನ ಕಡೇ ತಮ್ಮನ ಹಿಂದೆ ನಿಲ್ಸಿದ್ದೀರಲ್ಲ!”

ಮೊದಲು ಗಂಡುಮಕ್ಕಳು, ಆಮೇಲೆ ಹೆಣ್ಣುಮಕ್ಕಳು: ಯಾರೂ ಹಾಗೆ ಬರೆಯಿರಿ ಎಂದು ನನಗೆ ಹೇಳಿರಲಿಲ್ಲ, ಯಾವ ಸುತ್ತೋಲೆಯೂ ಇರಲಿಲ್ಲ. ಬರುವವರು ಆ ಕ್ರಮದಲ್ಲಿ ಹೆಸರು ಹೇಳುತ್ತಿದ್ದರು, ನಾನು ಆ ಕ್ರಮದಲ್ಲಿ ಒತ್ತುತ್ತಿದ್ದೆ. ಇಷ್ಟು ವರ್ಷ ಕಾಗದ ಅಗಲವಾಗಿತ್ತು, ಎಲ್ಲರಿಗೂ ಜಾಗವಾಗುತ್ತಿತ್ತು. ಅವರು ನನ್ನ ಪಕ್ಕದಲ್ಲಿ ಕೂತಿದ್ದಂತೆಯೇ ಮೆಲ್ಲಗೆ ಬೇರೆ ಮನೆಗಳ ವೃಕ್ಷಗಳನ್ನು ಒಂದೊಂದಾಗಿ ತೆರೆದೆ. ಎಲ್ಲದರಲ್ಲೂ ಹೆಣ್ಣುಮಕ್ಕಳು ಬಲ ಅಂಚಿನಲ್ಲಿ, ಬಸ್ಸಿನ ಫುಟ್‌ಬೋರ್ಡಿನ ಮೇಲೆ ನಿಂತವರ ಹಾಗೆ. ಐದಾರು ನೋಡಿ, ಮಿಕ್ಕವನ್ನು ತೆರೆಯದೆ ಅವರ ಹಾಳೆಗೇ ವಾಪಸಾದೆ.

“ಹುಟ್ಟಿದ ಕ್ರಮ ಹೇಳಿ ಅಮ್ಮಾ,” ಎಂದೆ.

ಹೇಳಿದರು, ಚೌಕಗಳನ್ನು ಹಿಂದೆಮುಂದೆ ಮಾಡಿದೆ. ಕ್ರಮ ಸರಿಯೇ ಎಂದು ಅವರು ನೋಡಲೆಂದು, ಕತ್ತರಿಸುತ್ತದೆ ಎಂದು ಗೊತ್ತಿದ್ದೂ ಒಂದು ಹಾಳೆ ಮುದ್ರಿಸಿದೆ. ಅದು ಹೊರಗೆ ಬೀಳುವುದಕ್ಕೂ ದೊಡ್ಡವರು ಗೇಟು ತೆಗೆಯುವುದಕ್ಕೂ ಸರಿಹೋಯಿತು. ಚಪ್ಪಲಿ ಬಿಡುತ್ತಲೇ ಹಾಳೆಯ ಕಡೆ ಕಣ್ಣು ಹಾಯಿಸಿದರು. ಕನ್ನಡಕ ಹಾಕಿರಲಿಲ್ಲ.

“ಸಾಮಿ! ಇದೇನ್ ಸಾಮಿ ಅನ್ಯಾಯ! ನನ್ ತಮ್ದೀರು ಇಬ್ರು ಎಲ್ಲೋದ್ರು?”

ನಿನ್ನೆ ಕನ್ನಡಕ ಹಾಕಿ, ಬೆರಳಿಟ್ಟು ಓದಿದಾಗ ಕಾಣದಿದ್ದ ಕೊರತೆ ಇಂದು ಹೊಸ್ತಿಲ ಆಚೆಯಿಂದಲೇ ಕಂಡಿತ್ತು.

“ಕಡೇ ತಂಗೀನೂ ಇಲ್ಲ ಕಣೋ ಅದ್ರಲ್ಲಿ,” ಎಂದರು ಅಕ್ಕ. “ಅದು ಕಾಣ್ಲಿಲ್ವಾ?”

“ಅದು… ಅವಳೂ ಇಲ್ವಾ?”

ಅಕ್ಕ ನಿನ್ನೆಯ ಹಾಳೆಯನ್ನು ಅವರ ಮುಂದೆ ಇಟ್ಟರು. “ಇದ್ರಲ್ಲಿ ನಿನ್ ಸೈನ್ ಐತೆ. ನಾನೆಲ್ಲಿದ್ದೀನಿ ತೋರ್ಸು.”

ದೊಡ್ಡವರು ಕನ್ನಡಕ ಹುಡುಕಿ ಹಾಕಿಕೊಂಡರು. ಬೆರಳು ಅದೇ ದಾರಿಯಲ್ಲಿ ಹೋಗಿ, ಅದೇ ಅಂಚಿನಲ್ಲಿ ನಿಂತಿತು.

“ಅಕ್ಕಾ, ಬೇಕೂಂತ ಮಾಡ್ದೋನಲ್ಲ ನಾನು.”

“ಗೊತ್ತು ಕಣೋ. ಅದಕ್ಕೇ ನಂಗೆ ಜಾಸ್ತಿ ಭಯ ಆಗಿದ್ದು.”

ದೊಡ್ಡವರು ನಿನ್ನೆಯ ಹಾಳೆಯನ್ನು ನಾಲ್ಕಾಗಿ ಹರಿದರು. ನಾನು ಉಳಿದಿದ್ದ ಹಳೇ ಅಗಲ ಕಾಗದದಿಂದ ಒಂದು ಹಾಳೆ ಹರಿದು, ಸ್ಕೇಲು ಪೆನ್ನು ಹಿಡಿದು ಕೈಯಲ್ಲೇ ಬರೆಯಲು ಕೂತೆ. ಏಳು ಚೌಕ, ಹುಟ್ಟಿದ ಕ್ರಮದಲ್ಲಿ.

“ಅಕ್ಕನ್ದು ಮೊದ್ಲಾ ಸಾಮಿ? ಊರಲ್ಲಿ ಯಾರೂ ಇಂಗೆ ಬರ್ಸಿಲ್ಲ.”

“ಹುಟ್ಟಿದ್ದು ಯಾರು ಮೊದಲು?” ಎಂದೆ, ನ್ಯಾಯಾಧೀಶನ ಗಾಂಭೀರ್ಯದಿಂದ. ಒಂದು ಗಂಟೆಯ ಹಿಂದೆ ಆ ಗಾಂಭೀರ್ಯ ನನ್ನಲ್ಲಿ ಇರಲಿಲ್ಲ ಎಂಬುದನ್ನು ಅಕ್ಕ ಎತ್ತಿ ಆಡಲಿಲ್ಲ. ಅವರು ಮೊದಲು ಸಹಿ ಮಾಡಿದರು. ದೊಡ್ಡವರು ಅದರ ಕೆಳಗೆ ಮಾಡಿದರು.

ಶುಕ್ರವಾರ ಮಹಜರಿಗೆ ಸಾಕ್ಷಿ ನಿಲ್ಲುವ ಪಂಚರಲ್ಲಿ ಒಬ್ಬನಾಗಿ ನನ್ನನ್ನೂ ಕರೆದಿದ್ದರು. ಟೈಲ್ಸ್ ಅಂಗಡಿಯ ಪಕ್ಕದ ಅಂಗಳದಲ್ಲಿ ಪ್ಲಾಸ್ಟಿಕ್ ಕುರ್ಚಿಗಳು. ತಮ್ಮಂದಿರು ಸಾಲಾಗಿ ಕೂತಿದ್ದರು. ಗ್ರಾಮ ಲೆಕ್ಕಿಗರು ಹಾಳೆ ಬಿಚ್ಚಿ ಮೊದಲ ಹೆಸರು ಓದಿದರು. ಓದಿ, ಹಾಳೆಯನ್ನು ಒಮ್ಮೆ ಮಗುಚಿ ನೋಡಿದರು, ಇನ್ನೊಂದು ಹಾಳೆ ಇದೆಯೇನೋ ಎಂಬಂತೆ. ಆಮೇಲೆ ಗಂಡಸರ ಸಾಲಿನ ಕಡೆ ತಲೆಯೆತ್ತಿ, “ಇವರು ಯಾರ್ರೀ?” ಎಂದರು.

ಅಡುಗೆಮನೆಯ ಬಾಗಿಲಲ್ಲಿ ತಂಗಿಯರ ಜೊತೆ ನಿಂತಿದ್ದ ಅಕ್ಕ ಅಂಗಳಕ್ಕೆ ಇಳಿದು ಬಂದರು. ದೊಡ್ಡವರು ಎದ್ದು ಕುರ್ಚಿ ಬಿಟ್ಟುಕೊಟ್ಟರು.

“ನಾನೇ,” ಎಂದರು ಅಕ್ಕ. “ಮುಂದಕ್ಕೆ ಓದಿ.”